ಕೀಲಿನ ಡಾಕ್ಟರು ಬಾಯಿ ನೋಡುವುದಿಲ್ಲ

ಬಾಯಿ ಒಣಗುವುದನ್ನು ನಮ್ಮಲ್ಲಿ ಯಾರೂ ಕಾಯಿಲೆಯ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬಿಸಿಲಿಗೆ ಹೋಗಿರಬೇಕು, ಉಷ್ಣವಾಗಿರಬೇಕು, ನೀರು ಸಾಲದೇನೋ, ವಯಸ್ಸಾಯಿತಲ್ಲ. ಈ ಕಾರಣಗಳೆಲ್ಲ ಮುಗಿದ ಮೇಲೂ ಒಣಗುತ್ತಲೇ ಇದ್ದರೆ ಸಕ್ಕರೆ ಕಾಯಿಲೆಯ ಅನುಮಾನ. ರಕ್ತ ಪರೀಕ್ಷೆಯಲ್ಲಿ ಸಕ್ಕರೆ ಸರಿಯಾಗಿದೆ ಎಂದು ಬಂದರೆ ವಿಚಾರ ಅಲ್ಲಿಗೆ ಮುಕ್ತಾಯ. ನನ್ನ ಅಕ್ಕನ ವಿಷಯದಲ್ಲಿ ಕೆಲವು ವರ್ಷ ಹೀಗೆಯೇ ಕಳೆದವು.

ಅಕ್ಕ ಹಾಸನದ ಕಡೆ ಒಂದು ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದಳು. ನಲವತ್ತು ದಾಟುವ ಹೊತ್ತಿಗೆ ಅವಳಿಗೆ ರುಮಟಾಯ್ಡ್ ಸಂಧಿವಾತ ಇದೆ ಎಂದು ತಿಳಿಯಿತು. ಬೆಳಿಗ್ಗೆ ಎದ್ದರೆ ಬೆರಳು ಮಡಚಲಾಗದು, ಒಂದು ತಾಸು ಕಳೆದ ಮೇಲೆ ಸಡಿಲವಾಗುವುದು. ಬೆಂಗಳೂರಿನ ತಜ್ಞರಲ್ಲಿ ಚಿಕಿತ್ಸೆ, ದೇಹದ ರಕ್ಷಣಾ ವ್ಯವಸ್ಥೆಯ ಆರ್ಭಟ ತಗ್ಗಿಸುವ ಮೆಥೊಟ್ರೆಕ್ಸೇಟ್ ಮಾತ್ರೆ ವಾರಕ್ಕೊಮ್ಮೆ, ಅದರ ಜೊತೆಗೆ ಫೋಲಿಕ್ ಆಸಿಡ್, ನೋವು ಏರಿದಾಗ ಸ್ಟೀರಾಯ್ಡ್. ಪ್ರತಿ ಬಾರಿ ಹೋದಾಗಲೂ ಉರಿಯೂತದ ಮಟ್ಟ ಸೂಚಿಸುವ ರಕ್ತ ಪರೀಕ್ಷೆಯಾದ ಇಎಸ್‌ಆರ್ ನೋಡುತ್ತಿದ್ದರು, ಲಿವರ್ ನೋಡುತ್ತಿದ್ದರು, ಒಂದೊಂದು ಗೆಣ್ಣನ್ನೂ ಒತ್ತಿ ನೋವಿದೆಯೇ ಎಂದು ಕೇಳುತ್ತಿದ್ದರು. ಒಳ್ಳೆಯ ವೈದ್ಯರು, ತಾಳ್ಮೆಯವರು. ಆದರೆ "ಬಾಯಿ ತೆರೆಯಿರಿ, ನೋಡೋಣ" ಎಂದು ಅವರು ಹೇಳಿದ್ದು ನಮಗೆ ನೆನಪಿಲ್ಲ. ಅಕ್ಕನೂ ಹೇಳಲಿಲ್ಲ. ಕೈಬೆರಳಿಗೆ ಔಷಧ ಕೊಡುವವರ ಮುಂದೆ ಹಲ್ಲಿನ ಮಾತು ಯಾಕೆ ಎತ್ತಬೇಕು? ಹಲ್ಲಿಗೆ ಬೇರೆ ಡಾಕ್ಟರು ಇದ್ದಾರಲ್ಲ.

ಇತ್ತ ಊರಿನ ಹಲ್ಲಿನ ಕ್ಲಿನಿಕ್ಕಿನಲ್ಲಿ ಅವಳದು ಬೇರೆಯೇ ಒಂದು ಕಥೆ ನಡೆಯುತ್ತಿತ್ತು. ಒಂದು ಹಲ್ಲು ಹುಳುಕಾಯಿತು, ಸಿಮೆಂಟ್ ತುಂಬಿಸಿದರು. ಪಕ್ಕದ್ದು ಹಾಳಾಯಿತು, ರೂಟ್ ಕೆನಾಲ್ ಮಾಡಿ ಕ್ಯಾಪ್ ಹಾಕಿದರು. ತುಂಬಿಸಿದ ಸಿಮೆಂಟಿನ ಅಂಚಿನಲ್ಲೇ ಮತ್ತೆ ಹುಳುಕು. "ಸಿಹಿ ಜಾಸ್ತಿ ತಿನ್ನುತ್ತೀರಾ ಮೇಡಂ?" ಎಂದು ಅಲ್ಲಿ ಕೇಳುತ್ತಿದ್ದರು. ಕಾಫಿಗೂ ಸಕ್ಕರೆ ಹಾಕಿಕೊಳ್ಳದ ಅಕ್ಕನಿಗೆ ಇದು ಅವಮಾನದ ಮಾತಾಗಿ ಕೇಳಿಸುತ್ತಿತ್ತು. ಮನೆಯಲ್ಲಿ ಯಾರೋ "ನಿನ್ನ ಹಲ್ಲೇ ಅಂಥದ್ದು, ಅಮ್ಮನ ಕಡೆಯದು" ಎಂದರು. ಆ ಮಾತನ್ನು ಅವಳು ಒಪ್ಪಿಕೊಂಡುಬಿಟ್ಟಳು.

ಹಲ್ಲು ಕಾಯುವುದು ಬ್ರಷ್ ಎಂದು ನಾವು ತಿಳಿದಿರುತ್ತೇವೆ. ದಿನಕ್ಕೆ ನಾಲ್ಕೈದು ನಿಮಿಷ ಕೆಲಸ ಮಾಡುವ ಬ್ರಷ್ಷಿಗೆ ಆ ಶ್ರೇಯಸ್ಸು ಸ್ವಲ್ಪ ಹೆಚ್ಚೇ ಆಯಿತು. ಉಳಿದ ಹೊತ್ತೆಲ್ಲ ಕಾವಲು ಇರುವುದು ಜೊಲ್ಲು. ಕಿವಿಯ ಮುಂದೆ, ದವಡೆಯ ಕೆಳಗೆ, ನಾಲಿಗೆಯ ಅಡಿಯಲ್ಲಿ ಮೂರು ಜೋಡಿ ದೊಡ್ಡ ಗ್ರಂಥಿಗಳಿವೆ. ತುಟಿ, ಕೆನ್ನೆ, ಅಂಗುಳಗಳಲ್ಲಿ ನೂರಾರು ಸಣ್ಣವು. ಎಲ್ಲ ಸೇರಿ ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರಿನಷ್ಟು ಜೊಲ್ಲು ಸುರಿಸುತ್ತವೆ. ಅದರಲ್ಲಿರುವ ಬೈಕಾರ್ಬನೇಟ್ ಬಾಯಿಯ ಹುಳಿಯನ್ನು ತಗ್ಗಿಸುತ್ತದೆ. ಹುಳಿಯನ್ನು ಅಳೆಯುವ ಅಂಕಿ ಪಿಎಚ್; ಹುಳಿ ಹೆಚ್ಚಿದಷ್ಟೂ ಅದು ಇಳಿಯುತ್ತದೆ. ಬಾಯಿಯೊಳಗೆ ಅದು ಸುಮಾರು 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್ ಕರಗಲು ತೊಡಗುತ್ತದೆ. ಊಟ ತಿಂಡಿಯ ಬಳಿಕ ಹೀಗೆ ಇಳಿದದ್ದನ್ನು ಮತ್ತೆ ಮೇಲಕ್ಕೆ ಎತ್ತುವುದು ಜೊಲ್ಲೇ. ಕರಗಿಹೋದ ಕ್ಯಾಲ್ಸಿಯಂ, ಫಾಸ್ಫೇಟನ್ನು ಹಲ್ಲಿಗೆ ಮರಳಿ ಕೊಡುವುದೂ ಅದೇ. ಲೈಸೊಝೈಮ್, ಲ್ಯಾಕ್ಟೊಫೆರಿನ್ ಎಂಬ ಪ್ರೋಟೀನುಗಳು ಬ್ಯಾಕ್ಟೀರಿಯಾಗಳ ಮೇಲೆ ಕಣ್ಣಿಟ್ಟರೆ ಹಿಸ್ಟಾಟಿನ್‌ಗಳು ಶಿಲೀಂಧ್ರವನ್ನು ತಡೆಯುತ್ತವೆ. ಈ ಹರಿವು ನಿಂತರೆ ಎಷ್ಟು ಉಜ್ಜಿದರೂ ಹಲ್ಲು ಉಳಿಯುವುದು ಕಷ್ಟ.

ಅಕ್ಕನ ಬಾಯಲ್ಲಿ ಈ ಹರಿವು ನಿಂತಿದ್ದನ್ನು ಪತ್ತೆ ಹಚ್ಚಿದವಳು ಒಂದು ದಂತ ವೈದ್ಯಕೀಯ ಕಾಲೇಜಿನಲ್ಲಿ ಓದುತ್ತಿದ್ದ ಹುಡುಗಿ. ಖರ್ಚು ಕಡಿಮೆಯಾಗಲಿ ಎಂದು ಅಕ್ಕ ಅಲ್ಲಿಗೆ ಹೋಗಿದ್ದಳು. ನಾನೂ ಜೊತೆಗಿದ್ದೆ. ಹುಡುಗಿ ಬಾಯಿಯೊಳಗೆ ಕನ್ನಡಿ ಇಟ್ಟಳು. ಅದು ಕೆನ್ನೆಗೆ ಅಂಟಿಕೊಂಡಿತು. ಬಿಡಿಸಿ ಮತ್ತೆ ಇಟ್ಟಳು, ಮತ್ತೆ ಅಂಟಿತು. ಆಮೇಲೆ ಕೆಳಗಿನ ಮುಂದಿನ ಹಲ್ಲುಗಳನ್ನು ಬಹಳ ಹೊತ್ತು ನೋಡಿದಳು. ಒಸಡಿನ ಅಂಚಿನಲ್ಲಿ ಅವು ಕಂದು ಬಣ್ಣಕ್ಕೆ ತಿರುಗಿ ಮೆತ್ತಗಾಗಿದ್ದವು. ದವಡೆಯ ಕೆಳಗಿನ ಗ್ರಂಥಿಗಳಿಂದ ಜೊಲ್ಲು ಬಂದು ಬೀಳುವುದು ನೇರ ಆ ಹಲ್ಲುಗಳ ಹಿಂದೆಯೇ. ಹಾಗಾಗಿ ಬಾಯಲ್ಲಿ ಉಳಿದ ಹಲ್ಲೆಲ್ಲ ಹುಳುಕಾದರೂ ಕೆಳಗಿನ ಮುಂದಿನವು ಸಾಮಾನ್ಯವಾಗಿ ಕೊನೆಯವರೆಗೆ ಗಟ್ಟಿ ಇರುತ್ತವೆ. ಅವೇ ಹಾಳಾಗಿವೆ ಎಂದರೆ ಮೂಲ ಬೇರೆಲ್ಲೋ ಇದೆ ಎಂದು ಅರ್ಥ.

"ಆಂಟಿ, ಕಣ್ಣೂ ಒಣಗಿದ ಹಾಗೆ ಆಗುತ್ತದೆಯೇ?" ಎಂದು ಕೇಳಿದಳು.

ಅಕ್ಕ ನಕ್ಕಳು. "ಈರುಳ್ಳಿ ಹೆಚ್ಚಿದರೆ ಮನೆಯವರೆಲ್ಲ ಅಳುತ್ತಾರೆ, ನಾನೊಬ್ಬಳೇ ಅಳುವುದಿಲ್ಲ. ನನಗೆ ಕಲ್ಲು ಮನಸ್ಸು ಎಂದು ಇವಳ ಭಾವ ಹೇಳುತ್ತಾರೆ."

ಹುಡುಗಿ ನಗಲಿಲ್ಲ, ತನ್ನ ಪ್ರೊಫೆಸರರನ್ನು ಕರೆದುಕೊಂಡು ಬಂದಳು.

ಆಮೇಲಿನ ಪರೀಕ್ಷೆಗಳು ಸರಳವಾಗಿದ್ದವು. ಕೆಳರೆಪ್ಪೆಗೆ ಕಾಗದದ ಪಟ್ಟಿ ಸಿಕ್ಕಿಸಿ ಐದು ನಿಮಿಷದಲ್ಲಿ ಕಣ್ಣೀರು ಎಷ್ಟು ದೂರ ಹರಿಯುತ್ತದೆ ಎಂದು ಅಳೆಯುತ್ತಾರೆ. 5 ಮಿಲಿಮೀಟರಿಗಿಂತ ಕಡಿಮೆ ಎಂದರೆ ಒಣಗಣ್ಣು. ಸುಮ್ಮನೆ ಕೂರಿಸಿ ಬಾಯಲ್ಲಿ ಬಂದ ಜೊಲ್ಲನ್ನು ಕಪ್ಪಿಗೆ ಉಗುಳಿಸುತ್ತಾರೆ, ನಿಮಿಷಕ್ಕೆ 0.1 ಮಿಲಿಲೀಟರಿಗಿಂತ ಕಡಿಮೆ ಇದ್ದರೆ ಗ್ರಂಥಿ ಸೋತಿದೆ ಎಂದು ಲೆಕ್ಕ. ರಕ್ತದಲ್ಲಿ 'ರೋ' ಎಂಬ ಪ್ರೋಟೀನಿನ ವಿರುದ್ಧದ ಪ್ರತಿಕಾಯ, ಅಂದರೆ ರಕ್ಷಣಾ ವ್ಯವಸ್ಥೆ ದಾಳಿಗೆಂದು ಹುಟ್ಟಿಸುವ ಪ್ರೋಟೀನು, ಇದೆಯೇ ಎಂದು ನೋಡುತ್ತಾರೆ. ಕೊನೆಗೆ ಕೆಳತುಟಿಯ ಒಳಮೈಯಿಂದ ಸಾಸಿವೆಯಷ್ಟು ಸಣ್ಣ ಕೆಲವು ಗ್ರಂಥಿ ತೆಗೆದು ಸೂಕ್ಷ್ಮದರ್ಶಕದಡಿ ಇಡುತ್ತಾರೆ. ಜೊಲ್ಲು ತಯಾರಿಸುವ ಕೋಶಗಳ ಜಾಗದಲ್ಲಿ ಬಿಳಿ ರಕ್ತಕಣಗಳ ಗುಂಪು ಬೀಡುಬಿಟ್ಟಿದ್ದರೆ ಅನುಮಾನ ಉಳಿಯುವುದಿಲ್ಲ. ಸೋಂಕಿನೊಂದಿಗೆ ಹೋರಾಡಬೇಕಾದ ಕಣಗಳೇ ಸ್ವಂತ ಗ್ರಂಥಿಗಳನ್ನು ತಿಂದು ಹಾಕುತ್ತಿರುತ್ತವೆ.

ಅಕ್ಕನಿಗಿದ್ದ ಈ ಕಾಯಿಲೆಗೆ ಶೋಗ್ರೆನ್ ಕಾಯಿಲೆ ಎಂದು ಹೆಸರು. ಹೆನ್ರಿಕ್ ಶೋಗ್ರೆನ್ ಸ್ವೀಡನ್ನಿನ ಕಣ್ಣಿನ ವೈದ್ಯ. ಕಣ್ಣು, ಬಾಯಿ ಎರಡೂ ಒಣಗಿದ್ದ 19 ಮಂದಿ ಹೆಂಗಸರನ್ನು ನೋಡಿ 1933ರಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಬಂಧ ಬರೆದ. ಅವರಲ್ಲಿ ಹೆಚ್ಚಿನವರಿಗೆ ಕೀಲುನೋವೂ ಇತ್ತು. ಇದು ಬರಿಯ ಕಣ್ಣಿನ ಕಾಯಿಲೆ ಅಲ್ಲ, ಇಡೀ ದೇಹದ್ದು ಎಂದು ಅವನು ವಾದಿಸಿದ. ಪರೀಕ್ಷಕರಿಗೆ ಅದು ಅಷ್ಟೇನೂ ಹಿಡಿಸಲಿಲ್ಲ. ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕನಾಗಲು ಬೇಕಾದಷ್ಟು ಅಂಕ ಪ್ರಬಂಧಕ್ಕೆ ಸಿಗಲಿಲ್ಲ. ಹತ್ತು ವರ್ಷದ ನಂತರ ಆಸ್ಟ್ರೇಲಿಯಾದ ವೈದ್ಯರೊಬ್ಬರು ಅದನ್ನು ಇಂಗ್ಲಿಷಿಗೆ ತಂದ ಮೇಲೆಯೇ ಜಗತ್ತು ಅದನ್ನು ಓದಿದ್ದು. ಒಂದು ಅಂಗದ ವೈದ್ಯನೊಬ್ಬ ತನ್ನ ಅಂಗದ ಗಡಿ ದಾಟಿ ನೋಡಿದ್ದಕ್ಕೆ ಸಿಕ್ಕ ಬಹುಮಾನ ಅದು. ಇವತ್ತಿಗೂ ಈ ಕಾಯಿಲೆ ಬರುವವರಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ಹೆಂಗಸರು. ಟೆನಿಸ್ ಆಟಗಾರ್ತಿ ವೀನಸ್ ವಿಲಿಯಮ್ಸ್ 2011ರಲ್ಲಿ ತನಗೆ ಇದಿದೆ ಎಂದು ಹೇಳಿಕೊಂಡು ಅಮೆರಿಕನ್ ಓಪನ್‌ನಿಂದ ಹಿಂದೆ ಸರಿದಾಗ ಅನೇಕರು ಈ ಹೆಸರನ್ನು ಮೊದಲ ಸಲ ಕೇಳಿದರು. ಹೆಂಗಸರ ಸುಸ್ತು, ಹೆಂಗಸರ ಬಾಯಾರಿಕೆ, ಮುಟ್ಟು ನಿಲ್ಲುವ ವಯಸ್ಸು ಎಂಬ ಒಂದೇ ಕಪಾಟಿಗೆ ಇಂಥವನ್ನೆಲ್ಲ ತುರುಕುವುದು ನಮ್ಮೂರಿನ ರೂಢಿ ಮಾತ್ರ ಅಲ್ಲ.

ರುಮಟಾಯ್ಡ್ ಸಂಧಿವಾತ ಇರುವವರಲ್ಲಿ ಶೋಗ್ರೆನ್ ಜೊತೆಯಾಗುವುದು ವೈದ್ಯರಿಗೆ ಹೊಸ ಸಂಗತಿಯಲ್ಲ. ಆದರೆ ಬಾಯಿಗೂ ಕೀಲಿಗೂ ಇರುವ ನಂಟು ಇಷ್ಟಕ್ಕೇ ನಿಲ್ಲುವುದಿಲ್ಲ. ಅಕ್ಕನ ಫೈಲಿನಲ್ಲಿ 'ಆಂಟಿ ಸಿಸಿಪಿ' ಎಂಬ ಪರೀಕ್ಷೆಯ ವರದಿ ಮೊದಲಿನಿಂದಲೂ ಇತ್ತು. ಅದು ಏನೆಂದು ನಾನು ಓದಿ ತಿಳಿದುಕೊಂಡದ್ದು ಆಮೇಲೆ. ನಮ್ಮ ಪ್ರೋಟೀನುಗಳಲ್ಲಿ ಅರ್ಜಿನಿನ್ ಎಂಬ ಅಮೈನೊ ಆಮ್ಲವಿದೆ. ಕೆಲವು ಕಿಣ್ವಗಳು ಅದನ್ನು ಸಿಟ್ರುಲಿನ್ ಆಗಿ ಬದಲಿಸುತ್ತವೆ. ಪರಿಚಿತ ಹೆಸರಿನಲ್ಲಿ ಒಂದು ಅಕ್ಷರ ತಿದ್ದಿದರೆ ಗುಮಾಸ್ತ ಅರ್ಜಿಯನ್ನೇ ವಾಪಸು ಕಳಿಸುವಂತೆ, ಸಂಧಿವಾತಕ್ಕೆ ಒಲಿಯುವ ದೇಹದ ರಕ್ಷಣಾ ವ್ಯವಸ್ಥೆ ಈ ತಿದ್ದಿದ ಪ್ರೋಟೀನನ್ನು ಪರಕೀಯವೆಂದು ಎಣಿಸಿ ಪ್ರತಿಕಾಯ ಹುಟ್ಟಿಸುತ್ತದೆ. ಆ ಪರೀಕ್ಷೆ ಹುಡುಕುವುದು ಈ ಪ್ರತಿಕಾಯವನ್ನೇ. (ಸಿಟ್ರುಲಿನ್ ಅನ್ನು ಮೊದಲು ಬೇರ್ಪಡಿಸಿದ್ದು ಜಪಾನಿನಲ್ಲಿ, 1914ರಲ್ಲಿ, ಕಲ್ಲಂಗಡಿ ಹಣ್ಣಿನ ರಸದಿಂದ. ಹಾಗೆಂದು ಕಲ್ಲಂಗಡಿ ತಿಂದರೆ ಕೀಲುವಾತ ಬರುತ್ತದೆ ಎಂದು ಯಾರೂ ವಾಟ್ಸಾಪಿನಲ್ಲಿ ಹಂಚಬೇಡಿ.)

ಒಸಡಿನ ಪ್ರವೇಶ ಇಲ್ಲಿಯೇ. ಒಸಡು ಕೊಳೆತು, ಹಲ್ಲಿನ ಬುಡದ ಮೂಳೆ ಸವೆಯುವ ಕಾಯಿಲೆಯಲ್ಲಿ ಮುಖ್ಯ ಪಾತ್ರ ವಹಿಸುವ ಒಂದು ಬ್ಯಾಕ್ಟೀರಿಯಾ ಇದೆ, ಪಾರ್ಫಿರೊಮೊನಾಸ್ ಜಿಂಜಿವಾಲಿಸ್. ಅರ್ಜಿನಿನ್ ಅನ್ನು ಸಿಟ್ರುಲಿನ್ ಮಾಡುವ ಕಿಣ್ವವನ್ನು ಅದು ತಾನೇ ತಯಾರಿಸುತ್ತದೆ ಎಂದು 1999ರಲ್ಲಿ ತಿಳಿಯಿತು. 2016ರಲ್ಲಿ ಒಸಡಿನ ಇನ್ನೊಂದು ಬ್ಯಾಕ್ಟೀರಿಯಾ ಬೇರೆ ದಾರಿಯಿಂದ ಅದೇ ಕೆಲಸ ಮಾಡಿಸುತ್ತದೆ ಎಂದು ಕಂಡಿತು. ಅದರ ವಿಷ ಬಿಳಿ ರಕ್ತಕಣವನ್ನು ತೂತು ಮಾಡಿ ಒಳಗಿನ ಪ್ರೋಟೀನುಗಳೆಲ್ಲ ತಿದ್ದುಪಡಿಯಾಗುವಂತೆ ಮಾಡುತ್ತದೆ. ಕೀಲು ನೋಯಲು ತೊಡಗುವುದಕ್ಕೆ ವರ್ಷಗಳ ಮೊದಲೇ ರಕ್ತದಲ್ಲಿ ಈ ಪ್ರತಿಕಾಯ ಇರುತ್ತದೆ ಎಂಬುದೂ ಗೊತ್ತಿದೆ. ಅಂದರೆ ಜಗಳ ಕೀಲಿನಲ್ಲಿ ಹುಟ್ಟುವುದಿಲ್ಲ. ಎಲ್ಲೋ ಹುಟ್ಟಿ ಕೀಲಿಗೆ ಬಂದು ಸೇರುತ್ತದೆ. ಆ 'ಎಲ್ಲೋ' ಒಸಡು ಇರಬಹುದು, ಬೀಡಿ ಸಿಗರೇಟು ಸೇದುವವರಲ್ಲಿ ಶ್ವಾಸಕೋಶ ಇರಬಹುದು. ಒಸಡಿನ ಕಾಯಿಲೆ ಇರುವವರಿಗೆಲ್ಲ ಸಂಧಿವಾತ ಬರುವುದಿಲ್ಲ, ಬಂದಿದ್ದರೆ ನಮ್ಮ ದೇಶದಲ್ಲಿ ನಡೆದಾಡುವವರೇ ಇರುತ್ತಿರಲಿಲ್ಲ. ಆನುವಂಶಿಕ ಒಲವು ಇದ್ದವರಲ್ಲಿ ಅದು ಕಿಡಿ ಹೊತ್ತಿಸಬಲ್ಲದು ಎಂಬುದಷ್ಟೇ ಈಗಿನ ವಾದ. ಒಸಡಿಗೆ ಚಿಕಿತ್ಸೆ ಕೊಟ್ಟರೆ ಕೀಲಿನ ಉರಿಯೂತ ಸ್ವಲ್ಪ ಇಳಿಯುತ್ತದೆ ಎಂದು ಸಣ್ಣ ಅಧ್ಯಯನಗಳಲ್ಲಿ ಕಂಡಿದೆ.

ಈ ವಾದ ಕೇಳಿದೊಡನೆ ಹಲ್ಲು ಕೀಳಿಸಲು ಓಡುವವರಿಗೆ ಇತಿಹಾಸದಲ್ಲಿ ಒಂದು ಪಾಠವಿದೆ. 1910ರಲ್ಲಿ ವಿಲಿಯಂ ಹಂಟರ್ ಎಂಬ ಬ್ರಿಟಿಷ್ ವೈದ್ಯ ಕೆನಡಾದ ಮಾಂಟ್ರಿಯಲ್‌ನಲ್ಲಿ ಭಾಷಣ ಮಾಡಿ, ಬಾಯಿಯ ಸೋಂಕೇ ಹಲವು ಕಾಯಿಲೆಗಳ ಬೇರು ಎಂದು ಗುಡುಗಿದ. ಚಿನ್ನದ ಕ್ಯಾಪುಗಳ ಕೆಳಗೆ ಕೊಳೆ ಮುಚ್ಚಿಡುವ ದಂತವೈದ್ಯರನ್ನು ಹೀಗಳೆದ. ಅಲ್ಲಿಂದ ಮುಂದಿನ ಕಾಲು ಶತಮಾನ ಅಮೆರಿಕ, ಇಂಗ್ಲೆಂಡುಗಳಲ್ಲಿ ಸಂಧಿವಾತದ ರೋಗಿಗಳ ಗಟ್ಟಿ ಹಲ್ಲುಗಳನ್ನೂ ರಾಶಿ ರಾಶಿ ಕಿತ್ತರು, ಟಾನ್ಸಿಲ್ ತೆಗೆದರು. ಬೆರಳು ಮಡಚದವರು ಬೊಚ್ಚುಬಾಯಿಯವರೂ ಆದರು. ಒಂದು ಕಾಲಕ್ಕೆ ಈ ಸಿದ್ಧಾಂತವನ್ನು ನಂಬಿದ್ದ ರಸೆಲ್ ಸೆಸಿಲ್ ಎಂಬ ವೈದ್ಯ ತನ್ನ ಸಹೋದ್ಯೋಗಿಯೊಡನೆ 200 ಸಂಧಿವಾತ ರೋಗಿಗಳ ದಾಖಲೆ ಕೂಡಿಹಾಕಿ, ಇದರಿಂದ ಪ್ರಯೋಜನವಾಗಿಲ್ಲ ಎಂದು 1938ರಲ್ಲಿ ಬರೆದ. ಆ ನಾಚಿಕೆಯಿಂದಲೋ ಏನೋ, ಆಮೇಲೆ ದಶಕಗಳ ಕಾಲ ವೈದ್ಯರು ಬಾಯಿಯ ಗೊಡವೆಗೇ ಹೋಗಲಿಲ್ಲ. ನನ್ನ ಅನುಮಾನ, ಅಕ್ಕನ ಬಾಯಿಯನ್ನು ಯಾರೂ ನೋಡದಿದ್ದಕ್ಕೆ ಈ ಹಳೆಯ ಅತಿರೇಕದ ಪಾಲೂ ಇದೆ.

ಇನ್ನೊಂದು ಪಾಲು ಓದಿನ ವ್ಯವಸ್ಥೆಯದು. 1840ರಲ್ಲಿ ಬಾಲ್ಟಿಮೋರ್‌ನಲ್ಲಿ ಹಲ್ಲಿಗೇ ಒಂದು ಪ್ರತ್ಯೇಕ ಕಾಲೇಜು ತೆರೆದಂದಿನಿಂದ ದಂತವೈದ್ಯ ಬೇರೆ, ವೈದ್ಯ ಬೇರೆ. ನಮ್ಮಲ್ಲಿ ರಫಿಯುದ್ದೀನ್ ಅಹ್ಮದ್ 1920ರಲ್ಲಿ ಕಲ್ಕತ್ತೆಯಲ್ಲಿ ಮೊದಲ ದಂತ ಕಾಲೇಜು ಕಟ್ಟಿದರು, 1948ರಲ್ಲಿ ದಂತವೈದ್ಯರಿಗೇ ಪ್ರತ್ಯೇಕ ಕಾಯಿದೆ ಬಂತು. ಅದರಿಂದ ಹಲ್ಲಿನ ವಿದ್ಯೆ ಬೆಳೆಯಿತು, ಸರಿ. ಆದರೆ ಒಬ್ಬ ರೋಗಿಗೆ ಎರಡು ಫೈಲು, ಎರಡು ಊರು, ಎರಡು ಭಾಷೆ ಎಂದಾಯಿತು. ವಿಮೆಯ ಕಂಪನಿಗಳು ಈ ಗೋಡೆಯನ್ನು ಇನ್ನಷ್ಟು ಎತ್ತರ ಮಾಡಿವೆ. ಆಸ್ಪತ್ರೆಗೆ ದಾಖಲಾಗುವಂಥ ಅಪಘಾತ ಆಗದ ಹೊರತು ಹಲ್ಲಿನ ಖರ್ಚಿಗೆ ಸಾಮಾನ್ಯ ಆರೋಗ್ಯ ವಿಮೆ ಕೈ ಚಾಚುವುದಿಲ್ಲ. ಅಕ್ಕನ ರೂಟ್ ಕೆನಾಲುಗಳು ಶೋಗ್ರೆನ್ನಿನ ನೇರ ಫಲ. ವಿಮೆಯ ಕಣ್ಣಿಗೆ ಅವು ಅವಳ ಸ್ವಂತ ಶೋಕಿ.

ಜೊಲ್ಲು, ಒಸಡು ಆಯಿತು. ಬಾಯಿಯ ಚರ್ಮದ ಮಾತು ಬೇರೆ, ಅಲ್ಲಿ ನಮ್ಮ ಜನರ 'ಉಷ್ಣ' ಎಂಬ ನಂಬಿಕೆ ಕೆಲವೊಮ್ಮೆ ಅಪಾಯಕ್ಕೆ ತರುತ್ತದೆ. ಬಾಯಿಹುಣ್ಣು ಬಂದರೆ ಕೊತ್ತಂಬರಿ ಬೀಜದ ಕಷಾಯ, ಮೆಂತ್ಯ, ಮಜ್ಜಿಗೆ, ಒಂದು ಪಟ್ಟಿ ಬಿ ಕಾಂಪ್ಲೆಕ್ಸ್. ಹೆಚ್ಚಿನ ಹುಣ್ಣುಗಳು ವಾರ, ಎರಡು ವಾರದಲ್ಲಿ ತಾವೇ ಮಾಯುವುದರಿಂದ ಎಲ್ಲ ಮದ್ದಿಗೂ ಹೆಸರು ಬರುತ್ತದೆ. ಮಾಯದಿರುವ ಹುಣ್ಣಿನ ಕಥೆ ಬೇರೆ. ಪೆಂಫಿಗಸ್ ವಲ್ಗಾರಿಸ್ ಎಂಬ ಕಾಯಿಲೆಯಲ್ಲಿ ಚರ್ಮದ ಕೋಶಗಳನ್ನು ಒಂದಕ್ಕೊಂದು ಹಿಡಿದಿಡುವ ಡೆಸ್ಮೊಗ್ಲೀನ್ ಎಂಬ ಪ್ರೋಟೀನಿನ ಮೇಲೆ ಪ್ರತಿಕಾಯಗಳು ದಾಳಿ ಮಾಡುತ್ತವೆ. ಅರ್ಧಕ್ಕಿಂತ ಹೆಚ್ಚು ರೋಗಿಗಳಲ್ಲಿ ಅದು ಮೊದಲು ಕಾಣಿಸುವುದು ಬಾಯಲ್ಲಿ. ಮೈಮೇಲೆ ಗುಳ್ಳೆ ಏಳುವುದು ತಿಂಗಳುಗಳ ನಂತರ. ಅಷ್ಟರಲ್ಲಿ ರೋಗಿ ಎಷ್ಟು ಪಟ್ಟಿ ಬಿ ಕಾಂಪ್ಲೆಕ್ಸ್ ನುಂಗಿರುತ್ತಾರೋ! ಸ್ಟೀರಾಯ್ಡ್ ಬರುವ ಮೊದಲು ಇದು ಬಹುಪಾಲು ಸಾವಿನಲ್ಲೇ ಕೊನೆಗೊಳ್ಳುತ್ತಿತ್ತು. 1980ರ ದಶಕದಲ್ಲಿ ದೆಹಲಿಯ ಏಮ್ಸ್‌ನಲ್ಲಿ ಡಾ. ಜೆ. ಎಸ್. ಪಸ್ರೀಚಾ ರೂಪಿಸಿದ ಪಲ್ಸ್ ಚಿಕಿತ್ಸೆ, ಅಂದರೆ ತಿಂಗಳಿಗೊಮ್ಮೆ ಮೂರು ದಿನ ದೊಡ್ಡ ಪ್ರಮಾಣದ ಔಷಧ ಕೊಡುವ ಕ್ರಮ, ಭಾರತದಲ್ಲಿ ಎಷ್ಟೋ ಮಂದಿಯನ್ನು ಉಳಿಸಿತು. ರಕ್ಷಣಾ ವ್ಯವಸ್ಥೆ ದೇಹದ ಹಲವು ಅಂಗಗಳ ಮೇಲೆ ತಿರುಗಿಬೀಳುವ ಲೂಪಸ್ ಕಾಯಿಲೆ ಇರುವವರಿಗೆ ಅಂಗುಳಿನಲ್ಲಿ ನೋವೇ ಇಲ್ಲದ ಹುಣ್ಣು ಏಳಬಹುದು, ಕನ್ನಡಿ ಹಿಡಿಯದೆ ಗೊತ್ತೇ ಆಗದು. ಲೈಕನ್ ಪ್ಲೇನಸ್ ಆದರೆ ಕೆನ್ನೆಯ ಒಳಗೆ ಬಿಳಿ ಜಾಲರಿ, ಸಾರು ತಾಗಿದರೆ ಉರಿ. ಚರ್ಮ ಗಟ್ಟಿಯಾಗಿ ಬಿಗಿಯುವ ಸ್ಕ್ಲೆರೊಡರ್ಮಾದಲ್ಲಿ ಬಾಯಿಯೇ ಕಿರಿದಾಗುತ್ತದೆ. ಅಡಿಕೆ, ಗುಟ್ಕಾ ಜಗಿದು ಬಾಯಿ ಬಿಗಿದುಕೊಂಡವರು ನಮ್ಮ ಸೀಮೆಯಲ್ಲಿ ಬೇಕಾದಷ್ಟು ಇರುವುದರಿಂದ ಬಾಯಿ ತೆರೆಯಲಾಗದವರನ್ನು ಕಂಡ ಕೂಡಲೇ ಅಡಿಕೆಯ ಮೇಲೆ ಗೂಬೆ ಕೂರಿಸುವುದು ಸುಲಭ. ಎರಡು ವಾರ ದಾಟಿದ ಯಾವ ಹುಣ್ಣನ್ನೂ ಕಷಾಯದ ಸುಪರ್ದಿಗೆ ಬಿಡಬಾರದು ಎಂಬುದು ಆ ಪ್ರೊಫೆಸರರು ನಮಗೆ ಹೇಳಿದ ಮಾತು. ಅದರಲ್ಲಿ ಕ್ಯಾನ್ಸರಿನ ಭಯವೂ ಸೇರಿದೆ.

ಔಷಧಿಗಳೂ ಬಾಯಲ್ಲಿ ಗುರುತು ಬಿಡುತ್ತವೆ. ಮೆಥೊಟ್ರೆಕ್ಸೇಟಿನಿಂದ ಹುಣ್ಣು ಏಳುತ್ತದೆ, ಫೋಲಿಕ್ ಆಸಿಡ್ ಕೊಡುವುದು ಅದಕ್ಕಾಗಿಯೂ ಹೌದು. ವಾರಕ್ಕೊಮ್ಮೆಯ ಮಾತ್ರೆಯನ್ನು ಅಪ್ಪಿತಪ್ಪಿ ದಿನವೂ ನುಂಗಿದವರಲ್ಲಿ ಬಾಯಿ ತುಂಬ ಹುಣ್ಣಾಗುವುದು ಪ್ರಾಣಕ್ಕೇ ಕುತ್ತು ಬಂದಿರುವುದರ ಸೂಚನೆ. ಸ್ಟೀರಾಯ್ಡ್ ಹೆಚ್ಚು ದಿನ ನಡೆದರೆ ಬಿಳಿ ಅಗ್ರು, ಅದೇ ಕ್ಯಾಂಡಿಡಾ ಶಿಲೀಂಧ್ರ. ಅಕ್ಕನ ಬಾಯಿಯ ಎರಡು ಮೂಲೆಗಳೂ ಸೀಳಿ ಕೆಂಪಗಾಗಿದ್ದಕ್ಕೆ ನಾವು ಚಳಿಗಾಲವನ್ನು ದೂರಿದ್ದೆವು. ಅದು ಕ್ಯಾಂಡಿಡಾ ಆಗಿತ್ತು, ಮುಲಾಮು ಹಚ್ಚಿದ ಮೇಲೆ ಹೋಯಿತು.

ದಿನದ ಬದುಕು ಸ್ವಲ್ಪ ಬದಲಾಯಿತು. ಚಪಾತಿ, ಅವಲಕ್ಕಿ, ಚಟ್ನಿಪುಡಿ ಅವಳ ಶತ್ರುಗಳಾದವು. ಹಾಸನದ ಸೀಮೆಯವಳಾದ್ದರಿಂದ ಒಂದು ಅನುಕೂಲ: ರಾಗಿಮುದ್ದೆಯನ್ನು ಯಾರೂ ಅಗಿಯುವುದಿಲ್ಲ. ಬಸ್ಸಾರಿನಲ್ಲಿ ಅದ್ದಿ ನುಂಗಿದರೆ ಜೊಲ್ಲಿಲ್ಲದ ಗಂಟಲಲ್ಲೂ ಇಳಿಯುತ್ತದೆ, ಖಾರ ಮಾತ್ರ ಕಡಿಮೆ ಇರಬೇಕು. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎಂದು ಗಾದೆ ಕಟ್ಟಿದವರಿಗೆ ಹಲ್ಲೂ ಇದ್ದು, ಕಡಲೆಯೂ ಇದ್ದು, ಜೊಲ್ಲಿಲ್ಲದ ಸ್ಥಿತಿ ಹೊಳೆದಿರಲಾರದು ಎಂದು ಅವಳೇ ಒಮ್ಮೆ ಹೇಳಿದಳು. ಅಕ್ಕಪಕ್ಕದವರ ಸಲಹೆಗಳು ಬೇರೆ. ನಿಂಬೆಹಣ್ಣಿನ ಹೋಳು ಚೀಪು, ನೆಲ್ಲಿಕಾಯಿ ಬಾಯಲ್ಲಿಟ್ಟುಕೋ, ಪೆಪ್ಪರ್‌ಮೆಂಟ್ ಇಟ್ಟುಕೋ. ಹುಳಿಯಿಂದ ಇರುವ ನಾಲ್ಕು ಹನಿ ಜೊಲ್ಲು ಬರುತ್ತದೆ ನಿಜ, ಅದನ್ನು ತೊಳೆಯಲು ಬೇಕಾದ ಉಳಿದ ಜೊಲ್ಲು ಎಲ್ಲಿಂದ ಬರಬೇಕು? ಎನಾಮಲ್ ಕರಗುವುದಷ್ಟೇ ಲಾಭ. ಸಕ್ಕರೆಯಿಲ್ಲದ, ಜೈಲಿಟಾಲ್ ಹಾಕಿದ ಚೂಯಿಂಗ್ ಗಮ್ ಒಳ್ಳೆಯದು ಎಂದು ಹೇಳಿದರು. ನಿವೃತ್ತಿಗೆ ಹತ್ತಿರವಾಗಿದ್ದ ಗಣಿತದ ಮೇಡಂ ಸ್ಟಾಫ್ ರೂಮಿನಲ್ಲಿ ಚೂಯಿಂಗ್ ಗಮ್ ಅಗಿಯುವುದನ್ನು ಕಂಡು ಸಹೋದ್ಯೋಗಿಗಳು ಏನೆಂದುಕೊಂಡರೋ. ಪೈಲೊಕಾರ್ಪಿನ್ ಮಾತ್ರೆಯೂ ಇದೆ. ಬ್ರೆಜಿಲ್‌ನ ಜಬೊರಾಂಡಿ ಗಿಡದ ಎಲೆಯಿಂದ ಬಂದದ್ದು, ಉಳಿದಿರುವ ಗ್ರಂಥಿಗಳನ್ನು ಹಿಂಡಿ ಜೊಲ್ಲು ಬರಿಸುತ್ತದೆ. ಜೊತೆಗೆ ಮೈತುಂಬ ಬೆವರನ್ನೂ ಬರಿಸುತ್ತದೆ. ಅಕ್ಕನಿಗೆ ಅದು ಒಗ್ಗಲಿಲ್ಲ.

ಬ್ರಷ್ ಹಿಡಿಯುವುದೂ ಒಂದು ಸಮಸ್ಯೆ. ಗೆಣ್ಣು ಊದಿದ ಬೆರಳಿಗೆ ತೆಳ್ಳಗಿನ ಹಿಡಿ ನಿಲ್ಲುವುದಿಲ್ಲ. ಭಾವ ಹಳೆಯ ಸೈಕಲ್ಲಿನ ಹ್ಯಾಂಡಲ್ಲಿನ ರಬ್ಬರ್ ಕವಚವನ್ನು ಬ್ರಷ್ಷಿಗೆ ತೊಡಿಸಿಕೊಟ್ಟರು. ಸಾವಿರಾರು ರೂಪಾಯಿಯ ಎಲೆಕ್ಟ್ರಿಕ್ ಬ್ರಷ್ ನಾನು ತಂದುಕೊಟ್ಟದ್ದು ಡಬ್ಬದಲ್ಲೇ ಇದೆ. ಮೂರು ತಿಂಗಳಿಗೊಮ್ಮೆ ಕಾಲೇಜಿಗೆ ಹೋಗಿ ಹಲ್ಲಿಗೆ ಫ್ಲೋರೈಡ್ ಲೇಪ ಹಾಕಿಸಿಕೊಳ್ಳುತ್ತಾಳೆ. ಕೋಲಾರದ ಕಡೆಯ ನಮ್ಮ ನೆಂಟರು ಫ್ಲೋರೈಡ್ ಎಂದರೆ ಬೆಚ್ಚುತ್ತಾರೆ, ಅಲ್ಲಿನ ಬೋರ್‌ವೆಲ್ ನೀರಿನಲ್ಲಿ ಅದು ಅತಿಯಾಗಿ ಹಲ್ಲು ಕಂದಾದವರನ್ನು ಅವರು ಕಂಡಿದ್ದಾರೆ. ಕುಡಿಯುವ ನೀರಿನಲ್ಲಿ ದಿನವೂ ಹೊಟ್ಟೆಗೆ ಹೋಗುವುದಕ್ಕೂ ಹಲ್ಲಿನ ಮೇಲೆ ಆಗೊಮ್ಮೆ ಬಳಿಯುವುದಕ್ಕೂ ವ್ಯತ್ಯಾಸವಿದೆ ಎಂದು ವಿವರಿಸಿ ಅಕ್ಕ ಸೋತಿದ್ದಾಳೆ.

ಈ ವರ್ಷ ಹೊಸದೊಂದು ಎದುರಾಯಿತು. ವರ್ಷಗಟ್ಟಲೆ ತೆಗೆದುಕೊಂಡ ಸ್ಟೀರಾಯ್ಡ್‌ನಿಂದ ಮೂಳೆ ಸವೆದಿದೆ, ವರ್ಷಕ್ಕೊಮ್ಮೆ ಜೊಲೆಡ್ರೊನಿಕ್ ಆಸಿಡ್ ಡ್ರಿಪ್ ಹಾಕಬೇಕು ಎಂದು ಕೀಲಿನ ಡಾಕ್ಟರು ಬರೆದುಕೊಟ್ಟರು. ಇತ್ತ ಒಂದು ದವಡೆಹಲ್ಲು ಉಳಿಸುವ ಸ್ಥಿತಿಯಲ್ಲಿರಲಿಲ್ಲ. ಈ ಔಷಧ ಮೂಳೆಯ ಸವೆತವನ್ನು ತಡೆಯುವುದರ ಜೊತೆಗೆ ಅದರ ರಿಪೇರಿಯನ್ನೂ ನಿಧಾನಗೊಳಿಸುತ್ತದೆ. ಡ್ರಿಪ್ ಹಾಕಿಸಿಕೊಂಡ ಮೇಲೆ ಹಲ್ಲು ಕೀಳಿಸಿದರೆ ಅಪರೂಪಕ್ಕೆ ದವಡೆಯ ಮೂಳೆ ಮಾಯದೆ ಸತ್ತು ಹೊರಗೆ ಕಾಣುತ್ತದೆ. ಮೂಳೆ ಸವೆತಕ್ಕೆ ಕೊಡುವ ಪ್ರಮಾಣದಲ್ಲಿ ಆ ಅಪಾಯ ತೀರ ಕಡಿಮೆ, ಆದರೂ ಕೀಳುವುದಿದ್ದರೆ ಮೊದಲೇ ಕೀಳುವುದು ಕ್ಷೇಮ. ಪ್ರೊಫೆಸರರು ಚೀಟಿ ಬರೆದುಕೊಡುತ್ತೇನೆ ಎಂದರು. ಚೀಟಿ ಬೇಡ ಸಾರ್, ನೀವೇ ಒಂದು ಫೋನ್ ಮಾಡಿ ಎಂದು ಅಕ್ಕ ತನ್ನ ಮೊಬೈಲಿನಲ್ಲಿ ನಂಬರ್ ಒತ್ತಿ ಅವರ ಕೈಗೇ ಕೊಟ್ಟಳು. ಇಷ್ಟು ವರ್ಷದಲ್ಲಿ ಅವಳ ಇಬ್ಬರು ಡಾಕ್ಟರುಗಳು ಪರಸ್ಪರ ಮಾತಾಡಿದ್ದು ಅದೇ ಮೊದಲು. ಮೆಥೊಟ್ರೆಕ್ಸೇಟ್ ನಿಲ್ಲಿಸುವುದು ಬೇಡ, ಹಲ್ಲು ಮೊದಲು, ಗಾಯ ಪೂರ್ತಿ ಮಾಯ್ದ ಮೇಲೆ ಡ್ರಿಪ್ ಎಂದು ತೀರ್ಮಾನವಾಯಿತು. ಫೋನ್ ಇಡುವ ಮೊದಲು ಆ ಕಡೆಯಿಂದ ಏನೋ ಕೇಳಿದರು. ಪ್ರೊಫೆಸರರು ಅಕ್ಕನತ್ತ ತಿರುಗಿ, "ಮುಂದಿನ ಸಲ ಬರುವಾಗ ಹಲ್ಲಿನ ಫೈಲನ್ನೂ ತರಬೇಕಂತೆ" ಎಂದರು.